ವಾಲಿ ಕೇಳಿದ ಪ್ರಶ್ನೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪುರಾಣದ ಕಥೆಯನ್ನು ಬದಲಾಯಿಸುವ ಅಧಿಕಾರ ಯಾರಿಗೆ ಉಂಟು ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಇದು ಪಂಡಿತರು ಮಾತನಾಡಬೇಕಾದ ವಿಷಯ. ನಾನೋ ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾದವನು. ಆದರೂ ಒಪ್ಪಿಕೊಂಡೆ, ಏಕೆಂದರೆ ಈ ವಿಷಯದಲ್ಲಿ ನನ್ನ ಮೇಲೆ ಒಂದು ಸಾಲ ಉಳಿದಿದೆ. ಅದನ್ನು ತೀರಿಸದೆ ಇನ್ನೊಂದು ರಾಜ್ಯೋತ್ಸವವನ್ನು ಆಚರಿಸಲು ಮನಸ್ಸು ಒಪ್ಪದು. ಸಾಲದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಶ್ರಾವಣ ಮಾಸದ ಒಂದು ಭಾನುವಾರ ನಮ್ಮ ಸಂಘದಲ್ಲಿ 'ವಾಲಿವಧೆ' ತಾಳಮದ್ದಳೆ ನಡೆದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮೇಳವೇನೂ ದೊಡ್ಡದಲ್ಲ. ಭಾಗವತಿಕೆಗೆ ನಮ್ಮವರೇ ಒಬ್ಬ ನಿವೃತ್ತ ಹಿರಿಯರು. ಮದ್ದಳೆ ಸಿಕ್ಕದೆ ಮೃದಂಗ. ಚೆಂಡೆಯಂತೂ ಇಲ್ಲವೇ ಇಲ್ಲ. ರಾಮನ ಅರ್ಥ ನನ್ನ ಪಾಲಿಗೆ ಬಂದಿತ್ತು. ವಾಲಿಯ ಅರ್ಥ ಹೇಳಬೇಕಾಗಿದ್ದವರಿಗೆ ಹಿಂದಿನ ದಿನವೇ ಜ್ವರ ಬಂದುದರಿಂದ, ಅಭ್ಯಾಸದ ದಿನಗಳಲ್ಲೆಲ್ಲ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಆ ಸ್ಥಾನದಲ್ಲಿ ಕೂರಿಸಿದೆವು. ಆಕೆ ಹುಟ್ಟಿ ಬೆಳೆದದ್ದೆಲ್ಲ ಈ ಕೋಲ್ಕತ್ತಾದಲ್ಲಿಯೇ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಬೇಕಾದರೆ ಅಕ್ಷರ ಕೂಡಿಸಬೇಕು, ಗೆಳತಿಯರೊಡನೆ ಬಂಗಾಳಿ.

ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಆಕ್ಷೇಪಿಸುವ ಭಾಗ ಬಂದಿತು. ನಿತ್ಯ ನನ್ನನ್ನು 'ಅಂಕಲ್' ಎಂದು ಕರೆಯುವ ಮಗು ಮೊದಲು 'ನೀವು' ಎಂದೇ ತೊಡಗಿತು. ನಾಲ್ಕನೆಯ ಮಾತಿಗೆ ತಾನಾಗಿಯೇ 'ನೀನು' ಬಂದಿತು. "ರಾಮಾ, ಇದು ನಾವಿಬ್ಬರು ಅಣ್ಣತಮ್ಮಂದಿರ ಜಗಳ. ನೀನು ಹೊರಗಿನಿಂದ ಬಂದವನು. ನನ್ನ ತಮ್ಮನ ಮಾತು ಕೇಳಿದೆ. ನನ್ನ ಮಾತು ಕೇಳಿದೆಯಾ? ಇದು ಯಾವ ವಿಚಾರ?" ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬಂಗಾಳಿಯಲ್ಲಿ 'ಬಿಚಾರ್' ಎಂದರೆ ನ್ಯಾಯ ತೀರ್ಮಾನ ಎಂದು ಇಲ್ಲಿದ್ದವರಿಗೆಲ್ಲ ಗೊತ್ತು. ಆ ಮಾತೇ ಕನ್ನಡದ ಉಡುಪು ತೊಟ್ಟು ಬಂದಿತ್ತು.

ನನ್ನಲ್ಲಿ ಸಿದ್ಧವಾದ ಉತ್ತರವಿತ್ತು. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೇ ಇರುವ ಉತ್ತರ. ಈ ಭೂಮಿ ಇಕ್ಷ್ವಾಕು ವಂಶದವರ ಆಡಳಿತಕ್ಕೆ ಸೇರಿದ್ದು, ಭರತನ ಆಜ್ಞೆಯಿಂದ ನಾವು ಧರ್ಮವನ್ನು ಕಾಯುವವರು. ತಮ್ಮನು ಜೀವಂತನಾಗಿರುವಾಗಲೇ ಅವನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ, ಅದಕ್ಕೆ ಇದೇ ದಂಡನೆ ಎಂದೆ. ಇಷ್ಟಕ್ಕೆ ವಾಲಿ ತಲೆಬಾಗಬೇಕು, ಪದ್ಧತಿ ಹಾಗೆ. ಹುಡುಗಿ ಸ್ವಲ್ಪ ತಡೆದು, "ರುಮೆಯ ವಿಷಯದಲ್ಲಿ ನಾನು ಮಾಡಿದ್ದು ತಪ್ಪು. ನಿನ್ನೆ ನನ್ನ ಎದುರಿಗೆ ಬಂದು ಇದನ್ನೇ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನಾನು ಒಪ್ಪುವುದಿಲ್ಲ ಎಂದು ನಿನಗೆ ಹೇಗೆ ಗೊತ್ತಾಯಿತು?" ಎಂದಳು.

ನನಗೆ ಮಾತು ಹೊಳೆಯಲಿಲ್ಲ. ಹುಡುಗಿಗೆ ಅನುಭವ ಸಾಲದು ಎಂದು ಮಾತು ಮರೆಸಿ ಮುಂದೆ ಹೋಗಬಹುದಾಗಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ. "ವಾಲೀ, ನಿನ್ನನ್ನು ಕೇಳಬೇಕಾಗಿತ್ತು" ಎಂದೆ. ಭಾಗವತರು ಒಂದು ನಿಮಿಷ ಸುಮ್ಮನಿದ್ದು ಮುಂದಿನ ಪದ್ಯವನ್ನು ಎತ್ತಿಕೊಂಡರು. ವಾಲಿ ಅಂಗದನನ್ನು ಒಪ್ಪಿಸಿ ಮುಕ್ತನಾದ, ಮಂಗಳ ಹಾಡಿದೆವು.

ಉಪ್ಪಿಟ್ಟು ಕಾಫಿಯ ಹೊತ್ತಿನಲ್ಲಿ ಹಿರಿಯರೊಬ್ಬರು ಆ ಹುಡುಗಿಯ ತಾಯಿಯನ್ನು ಕರೆದು, "ಮಕ್ಕಳಿಗೆ ರಾಮನ ಬಾಯಿ ಕಟ್ಟುವುದನ್ನು ಕಲಿಸಬೇಡಿ ತಾಯಿ. ಕಥೆಯನ್ನು ಕೆಡಿಸಬಾರದು" ಎಂದರು. ಇನ್ನಿಬ್ಬರು ತಲೆದೂಗಿದರು. ನಾನು ಕಾಫಿಯ ಲೋಟ ಹಿಡಿದುಕೊಂಡು ಮೂರು ಮಾರು ದೂರದಲ್ಲಿಯೇ ನಿಂತಿದ್ದೆ. ಕಥೆಯಲ್ಲಿ ಬದಲಾದದ್ದು ಏನಾದರೂ ಇದ್ದರೆ ಅದು ರಾಮನ ಮಾತು. ಅದನ್ನು ಆಡಿದವನು ನಾನು. ವಾಲಿ ಪ್ರಶ್ನೆ ಕೇಳುವುದು ವಾಲ್ಮೀಕಿಯ ಕಾಲದಿಂದಲೂ ಇದ್ದದ್ದೇ. ಹಾಗಿದ್ದೂ ಬೈಗುಳ ಆ ಮಗುವಿನ ಪಾಲಿಗೆ ಹೋಯಿತು, ನಾನು ತುಟಿ ಬಿಚ್ಚಲಿಲ್ಲ. ಮುಂದಿನ ತಿಂಗಳಿನಿಂದ ಆಕೆ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಳು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನ ಅರ್ಥ ಹೇಳಿದವನು, ಕೂಟ ಮುಗಿದ ಮೇಲೂ ಮರೆಯಲ್ಲಿಯೇ ನಿಂತುಬಿಟ್ಟೆ. ನನ್ನ ಸಾಲವೆಂದರೆ ಇದು.

ಕಥೆ ನಿಜವಾಗಿ ಕೆಟ್ಟಿತೆ ಎಂಬುದನ್ನು ಈಗ ನಾವೆಲ್ಲ ಸೇರಿ ಸಮಾಧಾನವಾಗಿ ವಿಚಾರ ಮಾಡೋಣ.

ಮೈಸೂರು, ಧಾರವಾಡ, ಕಲಬುರಗಿ ಕಡೆಯ ಬಂಧುಗಳಿಗಾಗಿ ತಾಳಮದ್ದಳೆಯ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಯಕ್ಷಗಾನದಲ್ಲಿ ವೇಷ, ಕುಣಿತ, ಹಾಡು, ಮಾತು ನಾಲ್ಕೂ ಉಂಟು. ಅದರಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದು ತಾಳಮದ್ದಳೆ. ಪತ್ತನಾಜೆಯ ದಿನ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಬಯಲಾಟ ಆಡುವಂತಿಲ್ಲ. ಆಗ ಮನೆಯ ಚಾವಡಿಯಲ್ಲಿಯೋ ದೇವಸ್ಥಾನದಲ್ಲಿಯೋ ಕೂಟ ಸೇರುತ್ತದೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಪಾತ್ರ ವಹಿಸಿದವರು, ಅಂದರೆ ಅರ್ಥಧಾರಿಗಳು, ನಿತ್ಯದ ಪಂಚೆ ಶಲ್ಯದಲ್ಲಿಯೇ ಎದುರು ಬದುರಾಗಿ ಕುಳಿತು ಆ ಪದ್ಯದ ಅರ್ಥವನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ. ಎದುರಾಳಿ ಏನು ಕೇಳುತ್ತಾನೆ ಎಂಬುದು ಕೇಳುವ ತನಕ ಗೊತ್ತಿರುವುದಿಲ್ಲ. ಆ ಸ್ಥಳದಲ್ಲಿಯೇ ಉತ್ತರ ಹುಟ್ಟಬೇಕು.

ನಮ್ಮ ಉದ್ಯೋಗದ ಭಾಷೆಯಲ್ಲಿ ಹೇಳುವುದಾದರೆ, ಆರಂಭದ ಶಿಲ್ಕೂ ಕೊನೆಯ ಶಿಲ್ಕೂ ಮೊದಲೇ ಬರೆದಾಗಿದೆ. ವಾಲಿ ಬೀಳಲೇಬೇಕು, ಕರ್ಣ ಸಾಯಲೇಬೇಕು. ನಡುವಣ ಜಮಾ ಖರ್ಚುಗಳನ್ನು ಮಾತ್ರ ಅರ್ಥಧಾರಿ ತಾನೇ ಬರೆಯಬೇಕು. ಕೊನೆಗೆ ಲೆಕ್ಕ ತಾಳೆಯಾಗಬೇಕು. ವಾಲಿ ಬಿದ್ದ ಎಂದು ಪದ್ಯ ಹೇಳುತ್ತದೆ. ಬಿದ್ದವನು ಸೋತನೆ, ನಿಂತವನು ಗೆದ್ದನೆ ಎಂಬುದನ್ನು ಅರ್ಥ ಹೇಳುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದಿರುವ ರಾಮಾಯಣದ ಪ್ರಸಂಗಗಳು ನಮ್ಮ ಕಡೆ ಎಷ್ಟು ಸಾವಿರ ಸಾರಿ ಆಗಿವೆಯೋ ಲೆಕ್ಕವಿಲ್ಲ. ಪದ್ಯ ಅದೇ, ಕಥೆ ಅದೇ. ಆದರೂ ಜನರು ನಿದ್ದೆಗೆಟ್ಟು ಹೋಗಿ ಕೂರುತ್ತಿದ್ದರು. ಇವತ್ತು ವಾಲಿ ಏನು ಕೇಳುತ್ತಾನೆ, ರಾಮ ಏನು ಹೇಳುತ್ತಾನೆ ನೋಡೋಣ ಎಂದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆಯ ಶಂಕರನಾರಾಯಣ ಸಾಮಗ, ರಾಮದಾಸ ಸಾಮಗ ಸೋದರರು ಮೊದಲಾದವರು ಹೆಸರು ಪಡೆದದ್ದು ಈ ಮಾತಿನ ಬಲದಿಂದಲೇ. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಅವರ ಅರ್ಥಗಾರಿಕೆಯ ಕ್ಯಾಸೆಟ್ಟುಗಳು ಒಂದು ಡಬ್ಬಿ ತುಂಬ ಇದ್ದುವು. ಶೇಣಿಯವರ ವಾಲಿಯನ್ನು ಕೇಳಿ ನಮ್ಮ ತಂದೆಯವರು, "ಇಂದು ರಾಮನಿಗೆ ಕಷ್ಟ" ಎಂದು ನಗುತ್ತಿದ್ದರು. ಅವರು ದಿನವೂ ರಾಮನಾಮ ಜಪಿಸುತ್ತಿದ್ದವರು. ವಾಲಿಯ ಪ್ರಶ್ನೆಯಿಂದ ಅವರ ಜಪಕ್ಕೆ ಭಂಗ ಬಂದುದನ್ನು ನಾನು ಕಾಣೆ.

ಅದೇ ಪರಂಪರೆಯ ಇನ್ನೊಬ್ಬ ಪ್ರಸಿದ್ಧ ಅರ್ಥಧಾರಿ ದೇರಾಜೆ ಸೀತಾರಾಮಯ್ಯನವರು ಒಂದು ಹೆಜ್ಜೆ ಮುಂದೆ ಹೋಗಿ 'ಕುರುಕ್ಷೇತ್ರಕ್ಕೊಂದು ಆಯೋಗ' ಎಂಬ ಕೃತಿಯನ್ನು ಬರೆದರು. ಭಾರತ ಯುದ್ಧಕ್ಕೆ ಯಾರು ಹೊಣೆ ಎಂದು ವಿಚಾರಣೆಯ ಆಯೋಗವನ್ನೇ ನೇಮಿಸಿಬಿಟ್ಟರು! ಪುರಾಣ ಪುರುಷರು ನಮ್ಮ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಎಂಬ ಭಾವನೆ ಕೂಟದಲ್ಲಿ ಪಳಗಿದವರಿಗೆ ಅಷ್ಟು ಸಹಜ.

"ಅದೆಲ್ಲ ಮಾತಿನ ಚಮತ್ಕಾರವಾಯಿತು, ಕಥೆಯನ್ನೇ ಬದಲಾಯಿಸಬಹುದೆ?" ಎಂದು ಕೇಳುವವರುಂಟು. ನಮ್ಮ ಕನ್ನಡದ ಮೊದಲನೆಯ ಮಹಾಕವಿಯನ್ನೇ ಕೇಳೋಣ. ಪಂಪನು 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಬರೆದಾಗ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿದ. ಆದಕಾರಣ ದ್ರೌಪದಿ ಐವರ ಹೆಂಡತಿಯಾಗದೆ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಯಲ್ಲಿ ಪಟ್ಟವೂ ಧರ್ಮರಾಯನಿಗಲ್ಲ, ಅರ್ಜುನನಿಗೆ. ಇಷ್ಟೆಲ್ಲ ಬದಲಾಯಿಸಿದವನನ್ನು ನಾವು ಆದಿಕವಿ ಎಂದು ತಲೆಯ ಮೇಲೆ ಹೊತ್ತಿದ್ದೇವೆ. ಇನ್ನು ವಾಲಿಯ ಮಾತು. ವಿಮಲಸೂರಿಯ ಪ್ರಾಕೃತ ರಾಮಾಯಣದಲ್ಲಿ ವಾಲಿ ರಾಮಬಾಣದಿಂದ ಸಾಯುವುದೇ ಇಲ್ಲ. ಸುಗ್ರೀವನಿಗೆ ರಾಜ್ಯವನ್ನೊಪ್ಪಿಸಿ ಜಿನದೀಕ್ಷೆ ವಹಿಸುತ್ತಾನೆ. ಮರದ ಮರೆಯ ಪ್ರಶ್ನೆಯೇ ಅಲ್ಲಿ ಏಳದು. ಆ ದಾರಿಯನ್ನು ಹಿಡಿದೇ ನಮ್ಮ ನಾಗಚಂದ್ರನು ಕನ್ನಡದಲ್ಲಿ 'ಪಂಪ ರಾಮಾಯಣ' ಎಂದು ಹೆಸರಾದ ಕಾವ್ಯವನ್ನು ರಚಿಸಿದ. ನಮ್ಮ ಕಾಲಕ್ಕೆ ಹತ್ತಿರ ಬಂದರೆ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕಾವ್ಯದಲ್ಲಿ ಸೀತೆ ಅಗ್ನಿಯನ್ನು ಪ್ರವೇಶಿಸುವಾಗ ರಾಮನೂ ಪ್ರವೇಶಿಸುತ್ತಾನೆ. ಪರೀಕ್ಷೆ ಒಬ್ಬಳಿಗೇ ಏಕೆ ಎಂದು ಎಷ್ಟು ತಲೆಮಾರಿನ ಹೆಂಗಸರು ಒಲೆಯ ಮುಂದೆ ಕೇಳಿಕೊಂಡಿರಬೇಕು! ಆ ಪ್ರಶ್ನೆಗೆ ಕವಿ ಕೊಟ್ಟ ಉತ್ತರವದು. ಆ ಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಆಮೇಲೆ 1967ರ ಜ್ಞಾನಪೀಠವೂ ಬಂದುವು.

ಅಷ್ಟು ದೂರ ಹೋಗುವುದೂ ಬೇಡ. ನಾವು ಅನ್ನ ತಿನ್ನುತ್ತಿರುವ ಈ ಊರನ್ನೇ ನೋಡೋಣ. ಇಲ್ಲಿಯ ಶರತ್ಕಾಲದ ದುರ್ಗಾಪೂಜೆಗೆ 'ಅಕಾಲ ಬೋಧನ' ಎನ್ನುತ್ತಾರೆ. ಅಕಾಲದಲ್ಲಿ ದೇವಿಯನ್ನು ಎಬ್ಬಿಸಿದ್ದು ಎಂದು ಅರ್ಥ. ರಾವಣನನ್ನು ಗೆಲ್ಲುವುದಕ್ಕಾಗಿ ರಾಮನು ದೇವಿಯನ್ನು ಪೂಜಿಸಿದ, ನೂರೆಂಟು ನೀಲಕಮಲಗಳಲ್ಲಿ ಒಂದು ಕಾಣೆಯಾದಾಗ ಕಮಲದಂಥ ತನ್ನ ಕಣ್ಣನ್ನೇ ಕಿತ್ತು ಅರ್ಪಿಸಲು ಬಾಣವನ್ನೆತ್ತಿದ ಎಂಬ ಕಥೆಯನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ಕೇಳಿಯೇ ಇರುತ್ತಾರೆ. ವಾಲ್ಮೀಕಿ ಈ ಕಥೆಯನ್ನು ಹೇಳಿಲ್ಲ. ನದಿಯಾ ಜಿಲ್ಲೆಯ ಫುಲಿಯಾದ ಕೃತ್ತಿವಾಸನ ಬಂಗಾಳಿ ರಾಮಾಯಣದಿಂದ ಇದು ಮನೆಮನೆಗೆ ಮುಟ್ಟಿತು. ಮೂಲದಲ್ಲಿ ಇಲ್ಲವೆಂದು ಯಾರಾದರೂ ಪಂಡಾಲಿನ ದೀಪ ಆರಿಸಿದ್ದಾರೆಯೆ? ಸಂಧಿಪೂಜೆಯಲ್ಲಿ ನೂರೆಂಟು ಕಮಲ, ನೂರೆಂಟು ದೀಪಗಳನ್ನು ಇಂದಿಗೂ ಎಣಿಸಿ ಇಡುತ್ತಾರೆ. 2021ರಲ್ಲಿ ಯುನೆಸ್ಕೊ ಸಂಸ್ಥೆ ಕೋಲ್ಕತ್ತಾದ ದುರ್ಗಾಪೂಜೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇದೇ ಊರಿನಲ್ಲಿ ಮೈಕೇಲ್ ಮಧುಸೂದನ ದತ್ತನು 1861ರಲ್ಲಿ 'ಮೇಘನಾದವಧ ಕಾವ್ಯ'ವನ್ನು ಪ್ರಕಟಿಸಿದ. ಅದರಲ್ಲಿ ಇಂದ್ರಜಿತುವೇ ನಾಯಕ. ಆಯುಧವಿಲ್ಲದೆ ಪೂಜೆಗೆ ಕುಳಿತವನನ್ನು ಲಕ್ಷ್ಮಣ ಕೊಲ್ಲುತ್ತಾನೆ. ಮಲ್ಲಿಕ್ ಬಜಾರಿನ ಬಳಿಯ ಸ್ಮಶಾನದಲ್ಲಿ ಆ ಕವಿಯ ಸಮಾಧಿ ಇದೆ. ಆ ದಾರಿಯಾಗಿ ಹೋಗುವಾಗ ಒಮ್ಮೆ ಇಳಿದು ನೋಡಿರಿ. ಒಂದು ಕಡೆ ರಾಮನ ಭಕ್ತಿಯನ್ನು ಹೆಚ್ಚಿಸಿದ ಬದಲಾವಣೆ. ಇನ್ನೊಂದು ಕಡೆ ರಾಮನ ಪಕ್ಷವನ್ನೇ ಪ್ರಶ್ನಿಸಿದ ಬದಲಾವಣೆ. ಬಂಗಾಳಿಗಳು ಎರಡನ್ನೂ ತಮ್ಮದೆಂದೇ ಇಟ್ಟುಕೊಂಡಿದ್ದಾರೆ.

ಈಗ ಮಕ್ಕಳಿಗೆ ರುಚಿಸುವ ಮಾತೊಂದನ್ನು ಹೇಳುತ್ತೇನೆ. ಈಚೆಗೆ ಬೆಂಗಳೂರಿನಿಂದ ನನ್ನ ಅಕ್ಕನ ಮಗ ಬಂದಿದ್ದ; ಕಾಲೇಜು ಹುಡುಗ. ಚೀಲದಲ್ಲಿ ಬಣ್ಣಬಣ್ಣದ, ಹಲವು ಮುಖಗಳ ದಾಳಗಳು. ಜೂಜೇನಾದರೂ ಕಲಿತನೋ ಎಂದು ನಾನು ಗಾಬರಿಯಾದೆ. "ಅಲ್ಲ ಮಾವ, ಇದು ಪಾತ್ರ ವಹಿಸಿ ಆಡುವ ಆಟ" ಎಂದ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ನಡೆಸುವವನೊಬ್ಬ ಕಥೆಯ ಸಂದರ್ಭವನ್ನು ಹೇಳುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ, ಹೀಗೆ ಹೇಳುತ್ತೇನೆ ಎನ್ನುತ್ತಾರೆ. ಫಲವೇನಾಯಿತೆಂದು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಿಂದ ಇಂಥ ಆಟ ಅಚ್ಚಾಗಿ ಹೊರಬಂದಿತಂತೆ. ವೇಷವಿಲ್ಲದೆ ಕುಳಿತು ಮಾತಿನಲ್ಲಿಯೇ ಆಡುವುದನ್ನು ಕೇಳಿ, "ಇದು ನಮ್ಮ ತಾಳಮದ್ದಳೆಯ ದೂರದ ನೆಂಟನಲ್ಲವೇನೋ!" ಎಂದೆ.

ಅವನು ಹೇಳಿದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಗ್ರೆಗ್ ಸ್ಟಾಫರ್ಡ್ (1948–2018) ಎಂಬ ಅಮೆರಿಕದವನು ವಿದ್ಯಾರ್ಥಿಯಾಗಿದ್ದಾಗ, 1966ರಲ್ಲಿ, 'ಗ್ಲೊರಾಂತ' ಎಂಬ ಕಲ್ಪನೆಯ ಲೋಕವೊಂದನ್ನು ಕಟ್ಟತೊಡಗಿದ. ಅದಕ್ಕೆ ಅದರದೇ ದೇವತೆಗಳು, ಪುರಾಣಗಳು. 1978ರಲ್ಲಿ ಬಂದ 'ರೂನ್‌ಕ್ವೆಸ್ಟ್' ಎಂಬ ಆಟ ಈ ಲೋಕದಲ್ಲಿ ನಡೆಯುವಂಥದು. ಅಲ್ಲಿ ಮನುಷ್ಯನು ದೇವತೆಗಳ ಕಾಲವನ್ನೇ ಹೊಕ್ಕು, ಹಿಂದೆ ದೇವರು ಮಾಡಿದ ಕಾರ್ಯವನ್ನು ತಾನೇ ಆ ದೇವರಾಗಿ ಮತ್ತೊಮ್ಮೆ ಮಾಡಬಹುದು. ಓರ್ಲಾಂತ್ ಎಂಬ ಬಿರುಗಾಳಿಯ ದೇವರು ಸೂರ್ಯದೇವನನ್ನು ಕೊಂದನಂತೆ, ಲೋಕ ಕತ್ತಲಾಯಿತು. ಕೊನೆಗೆ ತನ್ನ ತಪ್ಪಿಗೆ ತಾನೇ ಹೊಣೆಯೆಂದು ಒಪ್ಪಿ, ಸಂಗಡಿಗರೊಡನೆ ಪಾತಾಳಕ್ಕೆ ಇಳಿದು, ಕೊಂದವನೊಡನೆ ರಾಜಿ ಮಾಡಿಕೊಂಡು ಬೆಳಕನ್ನು ಮರಳಿ ತಂದ. ಆಡುವವನು ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆಯಬೇಕು. ಕಥೆ ಗೊತ್ತಿಲ್ಲದೆ ಹೋದವನು ಕೆಡುತ್ತಾನೆ. ಕಥೆಯನ್ನು ಚೆನ್ನಾಗಿ ಬಲ್ಲವನು ಅದರ ಶಕ್ತಿಯನ್ನು ತನ್ನ ಊರಿಗೆ ತರುತ್ತಾನೆ. ಅಲ್ಲಿ ನಿಂತು ಕಥೆಯನ್ನು ಬದಲಾಯಿಸಲು ಧೈರ್ಯ ಮಾಡಿದವನು ಹೊಸದೊಂದನ್ನು ತರಬಹುದು. ಆದರೆ ಅದರ ಫಲ, ಒಳ್ಳೆಯದಾಗಲಿ ಕೆಟ್ಟದಾಗಲಿ, ಅವನಿಗೂ ಅವನ ಊರಿನವರಿಗೂ ತಟ್ಟುತ್ತದೆ.

ಇದು ಕಲ್ಪನೆಯ ಆಟ. ನಮ್ಮ ಪುರಾಣ ನಮಗೆ ಆಟವಲ್ಲ. ಆ ಭೇದವನ್ನು ನಾನು ಮರೆತಿಲ್ಲ. ಅಲ್ಲಿ ಕಥೆಯ ಕೊನೆಯೂ ಬದಲಾಗಬಹುದು. ನಮ್ಮ ಕೂಟದಲ್ಲಿ ಕೊನೆ ಬದಲಾಗದು. ಆದರೆ ಆ ಆಟದ ನಿಯಮದಲ್ಲಿ ಒಂದು ತಿಳಿವಳಿಕೆ ಇದೆ. ಬದಲಾಯಿಸುವ ಅಧಿಕಾರ ದೂರ ನಿಂತು ನೋಡುವವನಿಗಿಲ್ಲ; ಒಳಗೆ ಹೊಕ್ಕು, ಪಾತ್ರವಾಗಿ ನಡೆದು, ಫಲವನ್ನು ಹೊರಲು ಸಿದ್ಧನಾದವನಿಗೆ ಮಾತ್ರ ಉಂಟು. ನಮ್ಮ ಕೂಟದ ನಿಯಮವೂ ಇದೇ ಎಂದು ನಾನು ಅರಿತುಕೊಂಡಿದ್ದೇನೆ. ಮೊದಲನೆಯದಾಗಿ ಪ್ರಸಂಗ ಗೊತ್ತಿರಬೇಕು. ಎರಡನೆಯದಾಗಿ ಪಾತ್ರದ ಒಳಗಿನಿಂದ ಮಾತು ಬರಬೇಕು. ವಾಲಿ ಕೇಳುವ ಪ್ರಶ್ನೆ ವಾಲಿಯ ನೋವಿನಿಂದ ಹುಟ್ಟಬೇಕು, ರಾಮನನ್ನು ಹಳಿಯಬೇಕೆಂಬ ಚಪಲದಿಂದಲ್ಲ. ಮೂರನೆಯದಾಗಿ ಎದುರಿಗೆ ಉತ್ತರ ಕೊಡುವವನು ಇರಬೇಕು. ಅವನ ಮಾತನ್ನು ಕೇಳಬೇಕು.

ಈ ಮೂರು ನಿಯಮಗಳಿಂದ ಆ ದಿನವನ್ನು ಅಳೆದು ನೋಡಿರಿ. ಹುಡುಗಿಗೆ ಪ್ರಸಂಗ ಗೊತ್ತಿತ್ತು, ಅಭ್ಯಾಸವೆಲ್ಲ ಕೇಳಿದ್ದಳು. ರುಮೆಯ ವಿಷಯದಲ್ಲಿ ವಾಲಿಯ ತಪ್ಪನ್ನು ಆಕೆ ಮುಚ್ಚಲಿಲ್ಲ, ತಾನೇ ಒಪ್ಪಿದಳು. ರಾಮನನ್ನು ಬೈಯಲಿಲ್ಲ, ನನ್ನನ್ನೂ ಒಂದು ಮಾತು ಕೇಳಬೇಕಾಗಿತ್ತು ಎಂದಳು, ಅಷ್ಟೆ. ಅದಕ್ಕೆ ಹೌದೆಂದ ರಾಮನಿಂದ ರಾಮನ ಗೌರವ ಕಡಿಮೆಯಾಯಿತೆಂದು ನನಗೆ ತೋರುವುದಿಲ್ಲ. ಮರ್ಯಾದಾ ಪುರುಷೋತ್ತಮನೆನ್ನಿಸಿಕೊಂಡವನು, ಸಾಯುತ್ತಿರುವವನ ನ್ಯಾಯವಾದ ಒಂದು ಮಾತಿಗೆ ತಲೆಬಾಗಬಲ್ಲನು ಎಂದು ನಂಬುವುದೂ ಭಕ್ತಿಯೇ. ಹಾಗಲ್ಲವೆಂದು ಭಾವಿಸುವ ಹಿರಿಯರು ಇಲ್ಲಿದ್ದಾರೆ. ಅವರ ಭಕ್ತಿ ದೊಡ್ಡದು. ಅವರ ಕೋಪವೂ ರಾಮನ ಮೇಲಿನ ಪ್ರೀತಿಯಿಂದ ಹುಟ್ಟಿದ್ದು. ಅವರಿಗೆ ನನ್ನ ಅರಿಕೆ ಇಷ್ಟೆ: ಮುಂದಿನ ಕೂಟದಲ್ಲಿ ರಾಮನ ಪೀಠದಲ್ಲಿ ತಾವೇ ಕುಳಿತು, ನನಗಿಂತ ಒಳ್ಳೆಯ ಉತ್ತರವನ್ನು ಕೊಡಬೇಕು. ಕಾಫಿಯ ಹೊತ್ತಿನ ತೀರ್ಪಿಗಿಂತ ಕೂಟದ ಉತ್ತರ ದೊಡ್ಡದು.

ಇಷ್ಟು ಹೊತ್ತು ಕಥೆಯ ಮಾತಾಯಿತು. ರಾಜ್ಯೋತ್ಸವದ ಹೊತ್ತಾದ್ದರಿಂದ ನುಡಿಯ ಮಾತನ್ನೂ ಹೇಳಿ ಮುಗಿಸುತ್ತೇನೆ. ನಾನು ಕುಂಬಳೆ ಸೀಮೆಯವನು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ದಿನವೇ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮನೆಮಾತು ತುಳು, ಪೇಟೆಯಲ್ಲಿ ಮಲಯಾಳ. ತುಳು, ಕೊಂಕಣಿ, ಹವ್ಯಕ, ಮರಾಠಿ, ಮಲಯಾಳ ಎಂದು ನಾನಾ ಮನೆಮಾತುಗಳ ಜನ ಆ ಸೀಮೆಯಲ್ಲಿದ್ದೇವೆ. ಇವರಿಗೆಲ್ಲ ಗ್ರಂಥದ ಕನ್ನಡ ಎಲ್ಲಿಂದ ಬಂದಿತು? ಶಾಲೆಯಿಂದ ಎನ್ನುವಿರಿ. ಶಾಲೆಯ ಮೆಟ್ಟಲು ಹತ್ತದವರಿಗೂ ಬಂದಿತ್ತಲ್ಲ! ಅಡಕೆ ಸುಲಿಯುವವರು, ಗದ್ದೆ ಉಳುವವರು ಭೀಷ್ಮನ ಕನ್ನಡವನ್ನೂ ಕರ್ಣನ ಕನ್ನಡವನ್ನೂ ಆಡಬಲ್ಲವರಾಗಿದ್ದರು. ಅವರಿಗೆ ಕನ್ನಡವನ್ನು ಕೊಟ್ಟದ್ದು ಯಕ್ಷಗಾನ, ತಾಳಮದ್ದಳೆ. ಕೂಟದಲ್ಲಿ ಒಂದು ಇಂಗ್ಲಿಷ್ ಶಬ್ದ ಬಾಯಿತಪ್ಪಿ ಬಂದರೂ ಸಭೆ ನಗುತ್ತದೆ. ಪಾತ್ರವಾಗಿ ಕುಳಿತವನು ಎದುರಾಳಿಗೆ ಉತ್ತರ ಹೇಳಲೇಬೇಕಾದ ಕಷ್ಟದಲ್ಲಿ ಕನ್ನಡವನ್ನು ಹುಡುಕಿ ತೆಗೆಯುತ್ತಾನೆ. ಹಾಗೆ ತೆಗೆದ ಮಾತು ಮತ್ತೆ ಅವನನ್ನು ಬಿಟ್ಟು ಹೋಗದು.

ನಮ್ಮ ಮಕ್ಕಳ ಸ್ಥಿತಿಯೂ ಅದೇ ಅಲ್ಲವೆ? ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಬಂಗಾಳಿ, ಕೆಲವು ಕಡೆ ಹಿಂದಿ. ಕನ್ನಡದಲ್ಲಿ ಅವರು ಆಡುವುದೇನು? ಊಟಕ್ಕೆ ಬಡಿಸು, ಅಜ್ಜಿಗೆ ಫೋನ್ ಮಾಡು, ಮಳೆ ಬರುತ್ತಿದೆ ಕಿಟಕಿ ಹಾಕು. ಜಗಳವಾಡುವುದು, ವಾದಿಸುವುದು, ತಪ್ಪನ್ನು ಒಪ್ಪಿಕೊಳ್ಳುವುದು, ನ್ಯಾಯ ಕೇಳುವುದು ಇವೆಲ್ಲ ಬೇರೆ ಭಾಷೆಯಲ್ಲಿ. ಯಾವ ಭಾಷೆಯಲ್ಲಿ ನ್ಯಾಯ ಕೇಳುತ್ತೇವೆಯೋ ಆ ಭಾಷೆ ನಮ್ಮದಾಗುತ್ತದೆ. ಆ ಭಾನುವಾರ ಒಂದು ಮಗು ಕನ್ನಡದಲ್ಲಿ ನ್ಯಾಯ ಕೇಳಿತು. ತೊಡರುತ್ತ, ತಡವರಿಸುತ್ತ, ಸಾಕ್ಷಾತ್ ಶ್ರೀರಾಮನನ್ನೇ ನಿಲ್ಲಿಸಿ ಕೇಳಿತು. ಇಷ್ಟು ವರ್ಷ ವರ್ಣಮಾಲೆಯ ಪಟವನ್ನು ಗೋಡೆಗೆ ತಗುಲಿಸಿ ನಾವು ಪಡೆಯದುದನ್ನು ಆ ಒಂದು ಗಂಟೆ ಕೊಟ್ಟಿತ್ತು. ಅದನ್ನು ನಾವು, ಮುಖ್ಯವಾಗಿ ನಾನು, ಕಾಫಿ ಕುಡಿಯುವಷ್ಟರಲ್ಲಿ ಕಳೆದೆವು.

ಆಕೆ ಆಡಿದ 'ವಿಚಾರ' ಎಂಬ ಮಾತಿಗೆ ನಕ್ಕೆವಲ್ಲ, ಅದರ ಸಂಗತಿಯನ್ನೂ ಹೇಳಬೇಕು. ಕೂಟ ಮುಗಿದ ಮೇಲೆ ನಮ್ಮ ಭಾಗವತರು, "ಮಗು ಹೇಳಿದ್ದು ಕನ್ನಡಕ್ಕೂ ಸರಿಯೇ ಕಣಯ್ಯ. ವಿಚಾರಿಸದೆ ಕೊಟ್ಟದ್ದು ಎಂಥ ವಿಚಾರ?" ಎಂದರು. ಬಂಗಾಳಿಯ ತೀರ್ಪೂ ಕನ್ನಡದ ಕೇಳಿ ತಿಳಿಯುವುದೂ ಒಂದೇ ಮಾತಿನಿಂದ ಬಂದುವು. ಎರಡು ಊರಿನ ಮಗುವಾದ್ದರಿಂದಲೇ ಆಕೆಗೆ ಅದು ಹೊಳೆಯಿತು. ಊರಿನಲ್ಲಿದ್ದು ಕಲಿತ ನನಗೆ ಹೊಳೆದಿರಲಿಲ್ಲ.

ಅಧ್ಯಕ್ಷರೆ, ಸಾಲ ತೀರಿಸುವ ಮಾತಿಗೆ ಬಂದೆ. "ನಿನ್ನನ್ನು ಕೇಳಬೇಕಾಗಿತ್ತು" ಎಂದು ಆ ದಿನ ರಾಮನಾಗಿ ಹೇಳಿದೆ. ಇಂದು ರಾಮನ ಮರೆಯಿಲ್ಲದೆ, ನಾನೇ ನಾನಾಗಿ, ಆ ಮಗುವಿಗೂ ಆಕೆಯ ತಾಯಿಗೂ ಸಭೆಯ ಎದುರು ಹೇಳುತ್ತೇನೆ: ಕಥೆಯನ್ನು ಬದಲಾಯಿಸಿದವಳು ಆಕೆಯಲ್ಲ, ನಾನು. ಬೈಗುಳ ನನಗೆ ಸೇರಬೇಕಾದದ್ದು. ಆ ಹೊತ್ತಿನಲ್ಲಿ ನಾನು ಬಾಯಿ ಬಿಡಬೇಕಾಗಿತ್ತು, ಬಿಡಲಿಲ್ಲ, ಕ್ಷಮಿಸಬೇಕು.

ಈ ಸಾರಿ 'ಕರ್ಣಪರ್ವ' ಇಟ್ಟುಕೊಳ್ಳಬೇಕೆಂದು ಭಾಗವತರ ಮನಸ್ಸಿನಲ್ಲಿದೆ. ಭಾನುವಾರ ಹತ್ತು ಗಂಟೆಗೆ ಅಭ್ಯಾಸ. ಶಲ್ಯನ ಅರ್ಥ ನನ್ನದು. ಕರ್ಣನ ಪೀಠಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಅದನ್ನು ಹಾಗೆಯೇ ಖಾಲಿ ಇಟ್ಟಿದ್ದೇವೆ. ಮಕ್ಕಳಲ್ಲಿ ಯಾರು ಬಂದು ಕುಳಿತರೂ ಸರಿ, ಏನು ಕೇಳಿದರೂ ಸರಿ. ಉತ್ತರ ಹೇಳಲು ನಾವು ಎದುರಿಗೆ ಕುಳಿತಿರುತ್ತೇವೆ.